ಮೂಡಣ ಬಾಗಿಲಲ್ಲಿ ನಿಂತವಳು

ಮೊನ್ನೆ ಪಕ್ಕದ ಮನೆಯವರು ಸೂಟ್‌ಕೇಸ್ ಕೇಳಿದರು. ಅವರ ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಿದ್ದಾಳೆ, ಸಾಮಾನು ಬಹಳ ಆಗಿದೆಯಂತೆ. ಸಜ್ಜಾದ ಮೇಲಿಂದ ಇಳಿಸಿ, ದೂಳು ಒರೆಸಿ, ಜಿಪ್ಪು ಎಳೆದೆ. ಒಳಗಿನಿಂದ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ, ಚಟ್ನಿಪುಡಿಯ, ವಾಸನೆ ಬಂತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕಮಟು ಹಿಡಿದ ಎಣ್ಣೆ... ಮೂರು ವರ್ಷ ಮುಚ್ಚಿಟ್ಟಿದ್ದರೂ ಹೋಗಿರಲಿಲ್ಲ. ಒಂದು ಮೂಲೆಯಲ್ಲಿ ಖಡಕ್ ರೊಟ್ಟಿಯ ಚೂರುಗಳಿದ್ದವು. ಅವನ್ನು ಜಾಡಿಸಲು ಒಳಜೇಬಿಗೆ ಕೈ ಹಾಕಿದಾಗ ಎರಡು ಚೀಟಿ ಸಿಕ್ಕವು. ಕಾಂಬೋಡಿಯಾದ ದೊಡ್ಡ ಗುಡಿಯ ಪ್ರವೇಶದ ಚೀಟಿಗಳು. ಅಲ್ಲಿ ಪ್ರತಿಯೊಬ್ಬರ ಫೋಟೋ ತೆಗೆದು ಚೀಟಿಯ ಮೇಲೆಯೇ ಅಚ್ಚು ಹಾಕಿ ಕೊಡುತ್ತಾರೆ. ಒಂದರ ಮೇಲೆ ನನ್ನ ಮುಖವಿತ್ತು, ಇನ್ನೊಂದರ ಮೇಲೆ ನಮಗೆ ರೊಟ್ಟಿ ಮಾಡಿಕೊಡುತ್ತಿದ್ದ ಆಕೆಯದು.

ಆಕೆ ಚೀಟಿಯಲ್ಲಿ ನಗುತ್ತಿದ್ದಾಳೆ. ಹಣೆಯ ಮೇಲೆ, ಕೂದಲಿನ ಅಂಚಿಗೆ, ಜೋಳದ ಹಿಟ್ಟು ಸ್ವಲ್ಪ ಉಳಿದಿದೆ.

ಜಾಡಿಸುವುದನ್ನು ಬಿಟ್ಟು ಸೂಟ್‌ಕೇಸಿನ ಮುಂದೆ ಕುಳಿತೆ.

ನಮ್ಮದು ಗಂಗಾವತಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಮೂಲ ಕುಷ್ಟಗಿ ಕಡೆಯವರು. ಕಾಲುವೆ ನೀರಿನ ಊರಿಗೆ ಬಂದು ಎಷ್ಟೋ ವರ್ಷವಾದರೂ ನಮ್ಮ ಹೊಟ್ಟೆ ಅನ್ನಕ್ಕೆ ಒಗ್ಗಲಿಲ್ಲ. ಸುತ್ತ ಎತ್ತ ನೋಡಿದರೂ ಭತ್ತದ ಗದ್ದೆ, ಅಕ್ಕಿ ಗಿರಣಿ. ನಮಗೆ ಮಾತ್ರ ಎರಡು ಹೊತ್ತೂ ಜೋಳದ ರೊಟ್ಟಿಯೇ ಆಗಬೇಕು. ಆ ರೊಟ್ಟಿಯನ್ನು ಹಿಂದಿನ ಓಣಿಯ ಒಂದು ಕೋಣೆಯ ಮನೆಯಿಂದ ಆಕೆ ತಂದುಕೊಡುತ್ತಿದ್ದಳು. ಯಲಬುರ್ಗಾ ಕಡೆಯ ಬೇವೂರಿನಾಕೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮೈದುನನ ಮನೆಯಲ್ಲಿ ಕೆಲವು ದಿನ ಇದ್ದು, ಆಮೇಲೆ ರೊಟ್ಟಿ ಸುಡುವ ಒಂದು ಹಂಚು, ಹಿಟ್ಟು ನಾದುವ ಒಂದು ಪರಾತ ಹಿಡಿದುಕೊಂಡು ಗಂಗಾವತಿಗೆ ಬಂದವಳು. ನನಗಿಂತ ನಾಲ್ಕೈದು ವರ್ಷ ಹಿರಿಯಳಿರಬೇಕು. ನಾನು ‘ಯಕ್ಕಾ’ ಅನ್ನುತ್ತಿದ್ದೆ. ಆಕೆ ಮರ್ಯಾದೆಗೆ ನನ್ನನ್ನು ‘ಅಕ್ಕಾರ’ ಅನ್ನುತ್ತಿದ್ದಳು. ಓಣಿಯವರಿಗೆಲ್ಲ ಆಕೆ ರೊಟ್ಟಿಯಕ್ಕ.

ಬೆಳಗಿನ ಜಾವ ಆಕೆಯ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತಿತ್ತು. ಕೈಬಳೆಯ ಸದ್ದೂ ಅದರೊಳಗೇ ಸೇರಿರುತ್ತಿತ್ತು. ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ಅದನ್ನೇ ನಂಬಿ ಏಳುತ್ತಿದ್ದೆವು.

ನಮ್ಮ ಕಡೆ ಗೊಬ್ಬರದ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ವರ್ಷಕ್ಕೊಮ್ಮೆ ಪರದೇಶ ನೋಡಲು ಕರೆದೊಯ್ಯುತ್ತಾರೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಎಲ್ಲ ಕಡೆಯಿಂದ ನಲವತ್ತು ಐವತ್ತು ಮಂದಿ. ಮೊದಲ ಸಲ ಹೋದವರು ನಾಲ್ಕು ದಿನ ಬ್ರೆಡ್ಡು ತಿಂದು, ಮುಖ ಸಪ್ಪಗೆ ಮಾಡಿಕೊಂಡು ಬಂದರು. ರೊಟ್ಟಿ ಇಲ್ಲದಿದ್ದರೆ ನಾವು ಬರುವುದೇ ಇಲ್ಲ ಎಂದು ಮರುವರ್ಷ ಎಲ್ಲರೂ ಹಟ ಹಿಡಿದರು. ಆಗಿನಿಂದ ಪ್ರವಾಸ ಮಾಡಿಸುವ ಏಜೆನ್ಸಿಯವನು ಜೋಳದ ಹಿಟ್ಟಿನ ಚೀಲ, ಹಂಚು, ಒಬ್ಬ ಅಡಿಗೆಯವನು, ಒಬ್ಬ ರೊಟ್ಟಿ ಮಾಡುವಾಕಿ, ಇಷ್ಟನ್ನೂ ಜೊತೆಗೆ ಒಯ್ಯತೊಡಗಿದ. ರೊಟ್ಟಿಗೆ ಆಕೆಯ ಹೆಸರನ್ನು ಹೇಳಿದವಳು ನಾನೇ.

ಹಾಗೆ ಬೇವೂರಿನ ಆ ಹೆಂಗಸು ಐದು ದೇಶಕ್ಕೆ ಹೋಗಿ ಬಂದಳು. ನೇಪಾಳ, ಸಿಂಹಳ, ದುಬೈ, ಥೈಲ್ಯಾಂಡ್, ಸಿಂಗಾಪುರ. ಎಲ್ಲಿಯೂ ಏನನ್ನೂ ಒಳಹೊಕ್ಕು ನೋಡಲಿಲ್ಲ. ನಸುಕಿನಲ್ಲಿ ಎದ್ದು ಹೋಟೆಲ್ಲಿನ ಹಿತ್ತಲಲ್ಲಿ ರೊಟ್ಟಿ ಬಡಿಯಬೇಕು, ಮಧ್ಯಾಹ್ನದ ಡಬ್ಬಿ ಕಟ್ಟಬೇಕು, ಡಬ್ಬಿಗಳ ಜೊತೆ ವ್ಯಾನಿನಲ್ಲಿ ಬರಬೇಕು. ನಾವು ಗುಡಿಯನ್ನೋ ಅರಮನೆಯನ್ನೋ ನೋಡಿ ಬರುವ ತನಕ ವ್ಯಾನಿನಲ್ಲೇ ಡಬ್ಬಿ ಕಾಯುತ್ತ ಕೂಡಬೇಕು. ನಾವು ಉಂಡ ಮೇಲೆ ತೊಳೆದು, ಸಂಜೆಯ ಹಿಟ್ಟಿಗೆ ಎಸರು ಇಡಬೇಕು. ಆಕೆಯ ಪಾಸ್‌ಪೋರ್ಟಿನಲ್ಲಿ ನನ್ನದರಲ್ಲಿ ಇರುವುದಕ್ಕಿಂತ ಹೆಚ್ಚು ಮುದ್ರೆಗಳಿದ್ದವು.

ದುಬೈಗೆ ನಾವು ಹೋಗಿರಲಿಲ್ಲ, ಆಕೆ ಬಂದಾಗ ಕೇಳಿದ್ದೆ. “ಏನೇನ್ ನೋಡಿದಿ ಯಕ್ಕಾ?”

“ಅದ ಉದ್ದನ ಕಟ್ಟಡ ನೋಡೇನಲ್ರಿ ಅಕ್ಕಾರ. ಬುಡ ಪೂರಾ ನೋಡೇನಿ. ತುದಿ ನೋಡಬೇಕಂದ್ರ ವ್ಯಾನಿನ ಟಾಪು ಅಡ್ಡ ಬಂತು.”

ಇಬ್ಬರೂ ನಕ್ಕಿದ್ದೆವು. ದೇಶಗಳನ್ನು ಆಕೆ ತನ್ನ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದಳು. ನೇಪಾಳದ ನೀರು ಕೈ ಕೊರೆಯುತ್ತದೆ, ಹಿಟ್ಟು ನಾದಲು ಬರುವುದಿಲ್ಲ. ಥೈಲ್ಯಾಂಡಿನ ಗ್ಯಾಸು ಛಲೋ, ಉರಿ ಹದವಾಗಿ ಏಳುತ್ತದೆ. ಸಿಂಗಾಪುರದಲ್ಲಿ ಹಿತ್ತಲೇ ಇಲ್ಲ, ಒಳಗೇ ಬಡಿಯಬೇಕು, ಸಪ್ಪಳವಾದರೆ ಬೈಯುತ್ತಾರೆ...

ಊರಿನಲ್ಲಿ ಆಕೆಯ ಮೈದುನನ ಹೆಂಡತಿ ಇದ್ದಳು, ಆಕೆಯ ನೆಗೆಣ್ಣಿ. ಪ್ರತಿ ಸಲ ಪರದೇಶದಿಂದ ಬಂದ ಮೇಲೆ ಒಂದು ಚಾಕೊಲೇಟಿನ ಪೊಟ್ಟಣ ಹಿಡಿದುಕೊಂಡು ಆಕೆ ಬೇವೂರಿಗೆ ಹೋಗುವಳು. ಬಾಗಿಲಲ್ಲೇ ನೆಗೆಣ್ಣಿ ಅನ್ನುತ್ತಿದ್ದಳಂತೆ: “ಬಂದ್ಳು ನೋಡ್ರಿ, ದೇಶದಾಗಿನ ಒಲಿ ಎಲ್ಲಾ ನೋಡಿ ಬಂದಾಕಿ!” ಕಟ್ಟೆಯ ಮೇಲೆ ಕುಳಿತವರೆಲ್ಲ ನಗುವರು. ಇದನ್ನು ನನಗೆ ಮೊದಲ ಸಲ ಹೇಳುವಾಗ ಆಕೆಯೂ ನಕ್ಕಳು, ಎರಡನೆಯ ಸಲವೂ ನಕ್ಕಳು. ಸಿಂಗಾಪುರದ ನಂತರ ಹೇಳುವಾಗ ನಗಲಿಲ್ಲ. ರೊಟ್ಟಿ ಎಣಿಸಿ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಹೊರಟಳು.

ಆ ವರ್ಷ ಕಾಂಬೋಡಿಯಾ ಎಂದು ಗೊತ್ತಾಯಿತು. ಅಂಗ್ಕೋರ್ ವಾಟ್ ಎಂಬ ಗುಡಿ ಜಗತ್ತಿಗೇ ದೊಡ್ಡದು ಎಂದು ಕಂಪನಿಯವರು ಅಂಗಡಿಗೆ ಚಿತ್ರ ಕಳಿಸಿದ್ದರು. ಆಕೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

“ನಮ್ಮ ಕಡೀ ಗುಡಿ ಇದ್ದಂಗ ಐತಲ್ರಿ ಇದು!”

“ಹೂಂ, ಮೊದಲು ವಿಷ್ಣುವಿನ ಗುಡಿ ಅಂತ.”

“ಅಕ್ಕಾರ... ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಇದೊಂದರ ಒಳಗ ಕಾಲಿಟ್ಟು ಬರಬೇಕ್ರಿ ನಾನು. ಬ್ಯಾರೆ ಯಾವ್ದೂ ಬ್ಯಾಡ. ಒಂದ ದೀಪ ಹಚ್ಚಿ ಬಂದ್ಬಿಡ್ತೇನಿ. ನಮ್ಮ ನೆಗೆಣ್ಣಿ ಬಾಯಿ ಒಂದ ಮುಚ್ಚಿದ್ರ ಸಾಕು.”

ಏಜೆನ್ಸಿಯವನಿಗೆ ಹೇಳಿ ನಾನು ಒಪ್ಪಿಸಿದೆ. ಅಂಗ್ಕೋರ್ ನೋಡುವ ದಿನ ಸಂಜೆ ನಾಲ್ಕಕ್ಕೆ ಆಕೆಗೆ ಒಂದು ತಾಸು ಬಿಡುವು. ಐದೂವರೆಗೆ ಅಡಿಗೆಗೆ ವಾಪಸು ಇರಬೇಕು. ಅಷ್ಟೇ. ಆಕೆ ಆ ಒಂದು ತಾಸಿಗಾಗಿ ಗಂಗಾವತಿಯಿಂದಲೇ ಐದು ಹತ್ತಿಯ ಬತ್ತಿ ಹೊಸೆದು, ತುಪ್ಪದಲ್ಲಿ ನೆನೆಸಿ, ಕುಂಕುಮದ ಒಂದು ಹಳೆಯ ಡಬ್ಬಿಯಲ್ಲಿ ಇಟ್ಟುಕೊಂಡು ಬಂದಿದ್ದಳು.

ಆ ದಿನ ಬೆಳಿಗ್ಗೆ ಎಲ್ಲರನ್ನೂ ಚೀಟಿ ಕೊಡುವ ಕಚೇರಿಗೆ ಕರೆದೊಯ್ದರು. ಅಡಿಗೆಯವರಿಗೆ ಚೀಟಿ ಇರಲಿಲ್ಲ. ನಾನು ವ್ಯಾನಿಗೆ ಹೋಗಿ ಆಕೆಯ ಕೈ ಹಿಡಿದು ಎಳೆದುಕೊಂಡು ಬಂದೆ, ನಾನೇ ಕೊಡಿಸಿದೆ. ಕ್ಯಾಮೆರಾದ ಮುಂದೆ ನಿಂತಾಗ ಆಕೆಗೆ ನಗು ತಡೆಯಲಾಗಲಿಲ್ಲ. “ಅಯ್ಯ, ಮಾರಿಗೆಲ್ಲ ಹಿಟ್ಟ ಹತ್ತೇತ್ರಿ!” ಎಂದು ಸೆರಗಿನಿಂದ ಒರೆಸಿಕೊಳ್ಳುವಷ್ಟರಲ್ಲಿ ಫೋಟೋ ಮುಗಿದಿತ್ತು. ಬಿಸಿಬಿಸಿ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಅದನ್ನು ಆಕೆಯ ಕೈಯಿಂದ ತೆಗೆದುಕೊಂಡೆ.

“ನನ್ನ ಕಡೀನ ಇರ್ಲಿ. ನೀ ಹಿಟ್ಟು ನೀರಿನಾಗ ಎಲ್ಲೆರ ಕಳೀತಿ. ನಾಲ್ಕಕ್ಕ ಗುಡೀ ಮುಂಬಾಗ್ಲಕ್ಕ ಬಾ. ನಾ ಅಲ್ಲೇ ನಿಂತಿರ್ತೇನಿ.”

“ಮುಂಬಾಗ್ಲಕ್ಕ ಅಲ್ರಿ? ಬರ್ತೇನ್ರಿ ಅಕ್ಕಾರ.”

ಆ ಚೀಟಿಯನ್ನು ನಾನು ಯಾಕೆ ತೆಗೆದುಕೊಂಡೆ? ಎಷ್ಟು ಸಲ ಕೇಳಿಕೊಂಡಿದ್ದೇನೆ... ಆಕೆ ಏಳೆಂಟು ವರ್ಷ ನನ್ನ ಮನೆಗೆ ರೊಟ್ಟಿ ಕೊಟ್ಟವಳು, ಒಂದು ದಿನವೂ ಒಂದು ರೊಟ್ಟಿ ಕಡಿಮೆ ಬಂದಿರಲಿಲ್ಲ. ಕಳೆಯುವವಳಲ್ಲ ಎಂದು ನನಗೆ ಗೊತ್ತಿತ್ತು.

ಮಧ್ಯಾಹ್ನ ಊಟ ಮುಗಿಸಿ ನಾವು ಗುಡಿಗೆ ಹೋದೆವು. ನೀರಿನ ಕಂದಕ, ಅದರ ಮೇಲೆ ಉದ್ದನೆಯ ಕಲ್ಲಿನ ದಾರಿ. ಗೈಡ್ ಎಲ್ಲರನ್ನೂ ನಿಲ್ಲಿಸಿ ಹೇಳಿದ: ಇಲ್ಲಿಯ ಬೇರೆ ಗುಡಿಗಳೆಲ್ಲ ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿವೆ, ಇದೊಂದು ಪಶ್ಚಿಮಕ್ಕೆ, ಪಶ್ಚಿಮ ಸತ್ತವರ ದಿಕ್ಕು, ರಾಜ ತನ್ನ ಸಾವಿಗಾಗಿ ಕಟ್ಟಿಸಿದ ಎಂದೂ ಕೆಲವರು ಹೇಳುತ್ತಾರೆ. ನಮ್ಮವರೆಲ್ಲ ಆಶ್ಚರ್ಯಪಟ್ಟರು. “ಪಡವಣ ಬಾಗ್ಲದ ಗುಡೀನ? ಹೊಸಾದು ಕೇಳಿದಂಗ ಆತು” ಎಂದು ನಮ್ಮ ಯಜಮಾನರು ಅಂದರು. ನಾನೂ ಹೂಂ ಅಂದೆ. ಆ ಗಳಿಗೆಯಲ್ಲಿ ನನಗೆ ಆಕೆಯ ನೆನಪಾಗಬೇಕಿತ್ತು. ಮುಂಬಾಗಿಲು ಎಂದರೆ ಬೇವೂರಿನ ಹೆಂಗಸಿಗೆ ಯಾವ ದಿಕ್ಕು ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಫೋಟೋ ತೆಗೆಸಿಕೊಳ್ಳುತ್ತಿದ್ದೆ.

ನಾಲ್ಕಕ್ಕೆ ಹೊರಬಂದು ಪಡವಣದ ಬಾಗಿಲಲ್ಲಿ ನಿಂತೆ. ಕಾಲು ತಾಸು ನಿಂತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಯಜಮಾನರು ಬಂದರು. ಮೇಲಿನ ಗೋಪುರಕ್ಕೆ ಹತ್ತುವ ಸಾಲು ಇನ್ನೇನು ಮುಚ್ಚುತ್ತಾರೆ, ಎಲ್ಲರೂ ಹೊರಟಿದ್ದಾರೆ ಎಂದರು.

“ಆಕಿ ಬರ್ಲಿಲ್ಲಲ್ಲ.”

“ಏನೋ ಕೆಲಸ ಬಂದಿರ್ಬೇಕು ಬಾ. ನಾವು ಮತ್ತ ಈ ದೇಶಕ್ಕ ಬರಾಕ ಆಗ್ತೈತೇನು?”

ಅವರು ಹೇಳಿದ್ದು ನಮ್ಮಿಬ್ಬರ ಬಗ್ಗೆ. ನಾನು ಹೋದೆ. ಹೋಗುವಾಗ ಮನಸ್ಸು ಹಗುರವಾಗಿತ್ತು ಎಂಬುದನ್ನೂ ಬರೆಯಬೇಕು. ಆಕೆಯನ್ನು ಕಟ್ಟಿಕೊಂಡು ತಿರುಗುವ ಕೆಲಸ ತಪ್ಪಿತಲ್ಲ ಎಂದು. ಕಡಿದಾದ ಮೆಟ್ಟಿಲು ಹತ್ತಿದೆ, ಮೇಲಿನಿಂದ ಕಾಡು ನೋಡಿದೆ, ಹೊತ್ತು ಮುಳುಗುವುದನ್ನು ನೋಡಿದೆ.

ಆ ಸಂಜೆ ಊಟಕ್ಕೆ ರೊಟ್ಟಿ ತಡವಾಯಿತು. ಅಡಿಗೆಯವನು ಅನ್ನ ಸಾರು ತಂದಿಟ್ಟ, ರೊಟ್ಟಿ ಇಲ್ಲ. ತಟ್ಟೆ ಮುಂದಿಟ್ಟುಕೊಂಡು ಕುಳಿತವರೊಬ್ಬರು ದೊಡ್ಡ ದನಿಯಲ್ಲಿ ಅಂದರು: “ರೊಟ್ಟಿಯಾಕಿ ಗುಡೀ ನೋಡಾಕ ಹೋಗಿದ್ಳಂತ್ರಿ! ಇನ್ನ ನಾಳಿಗೆ ನಾವು ರೊಟ್ಟಿ ಬಡಿಯೂಣು, ಆಕಿ ಬಂದು ಉಣ್ಲಿ.” ಎಲ್ಲರೂ ನಕ್ಕರು. ಹಿತ್ತಲಿಗೂ ಊಟದ ಕೋಣೆಗೂ ನಡುವೆ ಒಂದು ಪರದೆ ಮಾತ್ರ ಇತ್ತು. ಅಲ್ಲಿಂದ ಬಡಿಯುವ ಸಪ್ಪಳ ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ನಾನು ಎದ್ದು ಹಿತ್ತಲಿಗೆ ಹೋದೆ.

“ಎಲ್ಲಿ ಹೋಗಿದ್ದಿ ಯಕ್ಕಾ? ನಾ ಕಾದೂ ಕಾದೂ ಸಾಕಾತು.”

ಆಕೆ ತಲೆ ಎತ್ತಿದಳು. “ಮುಂಬಾಗ್ಲಾಗ ನಿಂತಿದ್ನಲ್ರಿ.”

“ಯಾವ ಬಾಗ್ಲಾ?”

“ಮೂಡಣದ್ದ್ರಿ. ಮತ್ಯಾವ್ದ್ರಿ?”

ರೊಟ್ಟಿ ತಿರುವಿ ಹಾಕುತ್ತ ಹೇಳಿದಳು. ವ್ಯಾನಿನವನಿಗೆ ಆಕೆಯ ಮಾತು ಬಾರದು, ಆಕೆಗೆ ಅವನದು ಬಾರದು. ಎರಡು ಕೈಯಿಂದ ಹೊತ್ತು ಹುಟ್ಟುವುದನ್ನು ಮಾಡಿ ತೋರಿಸಿದಳಂತೆ. ಅವನು ಪುಣ್ಯಾತ್ಮ, ಅರ್ಥ ಮಾಡಿಕೊಂಡು ಗುಡಿಯನ್ನು ಸುತ್ತುಹಾಕಿ ಮೂಡಣ ದಿಕ್ಕಿಗೆ ಕರೆದೊಯ್ದ. ಅಲ್ಲಿ ಗಿಡಗಳ ನಡುವೆ ಒಂದು ಬಾಗಿಲು, ಹೆಚ್ಚು ಜನ ಇಲ್ಲ. ಕಾವಲಿನವರಿಬ್ಬರು ಚೀಟಿ ಕೇಳಿದರು. “ಅಕ್ಕಾರ ಕಡೆ ಐತ್ರಿ, ಬರ್ತಾರ” ಎಂದಳಂತೆ ಕನ್ನಡದಲ್ಲಿಯೇ. ಅವರು ನಕ್ಕು ಕಲ್ಲಿನ ಮೇಲೆ ಕೂಡಲು ಕೈ ತೋರಿಸಿದರು.

“ಒಳಗಿಂದ ಒಬ್ಬೊಬ್ರ ಬರ್ತಿದ್ರು. ಎಲ್ಲಾರ ಮಾರಿ ನೋಡಕೋತ ಕುಂತೆ. ಎಲ್ಲಾರೂ ಬಂದ್ರು, ನೀವು ಬರ್ಲಿಲ್ರಿ. ಕತ್ತಲಾಗಾಕ ಹತ್ತಿತು, ಇಲ್ಲಿ ಹಿಟ್ಟು ನೆನಪಾತು, ಎದ್ದು ಬಂದೆ.”

“ಆ ಗುಡಿ ಪಡವಣಕ್ಕ ಮಾರಿ ಮಾಡೇತಿ ಯಕ್ಕಾ.”

ಆಕೆಯ ಕೈ ನಿಂತಿತು. ಆಮೇಲೆ ನಕ್ಕಳು. “ಎಲ್ಲೆರ ಇರ್ತೈತೇನ್ರಿ, ಗುಡೀ ಬಾಗ್ಲಾ ಹೊತ್ತು ಮುಳುಗೂ ಕಡೆ? ಅಂದ್ರ ನಾ ಹಿತ್ಲ ಬಾಗ್ಲಾ ಕಾದೆ. ಹೋಗ್ಲಿ ಬಿಡ್ರಿ, ಹಿತ್ಲು ನನಗೇನ ಹೊಸಾದಲ್ಲ.”

ಕ್ಷಮಿಸು ಎನ್ನಬೇಕಿತ್ತು. ಚೀಟಿ ನಿನ್ನ ಕೈಯಲ್ಲೇ ಬಿಡಬೇಕಿತ್ತು ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, ಮುಂದಿನ ಸಲ ನೋಡೋಣ ಎಂಬ ಮಾತು. ಆಕೆ ತಲೆಯಾಡಿಸಿದಳು. ಹಂಚಿನ ಮೇಲೆ ರೊಟ್ಟಿ ಉಬ್ಬುವುದನ್ನು ನೋಡುತ್ತ ಕೇಳಿದಳು:

“ಅಕ್ಕಾರ, ಒಳಗ ದೇವರ ಮುಂದ ದೀಪ ಇತ್ತೇನ್ರಿ?”

ನಾನು ನೋಡಿರಲಿಲ್ಲ. ಮೇಲೆ ಬುದ್ಧನ ಮೂರ್ತಿಗಳಿದ್ದವು, ಎಲ್ಲೋ ಊದಿನಕಡ್ಡಿಯ ವಾಸನೆ ಇತ್ತು. ದೀಪ ಇತ್ತೋ ಇಲ್ಲವೋ... ದೇವರೆದುರು ಹೋಗಿಯೂ ನೋಡಿರಲಿಲ್ಲ.

“ಇತ್ತು” ಎಂದೆ. “ಛಲೋ ಉರೀತಿತ್ತು.”

“ಹಂಗಾರ ಆತ್ರಿ. ಯಾರೋ ಹಚ್ಚ್ಯಾರ.” ಹಿಟ್ಟಿನ ಕೈಯನ್ನೇ ಜೋಡಿಸಿ ಕಣ್ಣು ಮುಚ್ಚಿದಳು. ಮರುದಿನ ಆ ತುಪ್ಪವನ್ನು ಬೇಳೆಗೆ ಹಾಕಿದೆ, ಬತ್ತಿಗಳನ್ನು ಒಲೆಗೆ ಒಡ್ಡಿದೆ ಎಂದು ತಾನೇ ಹೇಳಿದಳು. ಡಬ್ಬಿ ಖಾಲಿಯಾಗಿತ್ತು.

ಮುಂದಿನ ಸಲ ಬರಲಿಲ್ಲ. ಮರುವರ್ಷ ಏಜೆನ್ಸಿಯವನು ಅಂಗಡಿಯ ಖಡಕ್ ರೊಟ್ಟಿಯ ಪೊಟ್ಟಣಗಳನ್ನು ಒಯ್ದ. ಅವಾದರೆ ತಡವಾಗುವುದಿಲ್ಲ, ವೀಸಾ ಬೇಡ ಎಂದ. ತಡವಾದದ್ದು ನನ್ನಿಂದ ಎಂದು ನಾನು ಹೇಳಬಹುದಿತ್ತು. ಆ ವರ್ಷ ನಮ್ಮ ಹೆಸರು ಪ್ರವಾಸದ ಪಟ್ಟಿಯಲ್ಲಿ ಇರಲಿಲ್ಲ, ನನಗೇಕೆ ಎಂದು ಸುಮ್ಮನಿದ್ದೆ. ಆಕೆ ಈ ಬಗ್ಗೆ ಒಮ್ಮೆಯೂ ಮಾತೆತ್ತಲಿಲ್ಲ. ಎಂದಿನಂತೆ ರೊಟ್ಟಿ ತಂದಿಟ್ಟು, ಎಂದಿನಂತೆ ಎಣಿಸಿ, ಹೋಗುತ್ತಿದ್ದಳು. ನಾನು ಮಾತ್ರ ಆಕೆ ಬರುವ ಹೊತ್ತಿಗೆ ಏನಾದರೂ ಕೆಲಸ ಹಚ್ಚಿಕೊಂಡು ಒಳಗೇ ಇರುವುದನ್ನು ಕಲಿತೆ...

ಕಳೆದ ವರ್ಷ ಯಾವುದೋ ಮದುವೆಗೆಂದು ಬೇವೂರಿಗೆ ಹೋದವಳಿಗೆ ಅಲ್ಲಿಯೇ ಎದೆ ನೋವು ಬಂತು. ಕೊಪ್ಪಳದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ತೀರಿಕೊಂಡಳಂತೆ. ನನಗೆ ತಿಳಿಯುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಮೂರನೆಯ ದಿನ ಯಜಮಾನರ ಜೊತೆ ಹೋದೆ. ಜೋಳದ ಹೊಲಗಳ ನಡುವಿನ ದಾರಿ. ಕಟ್ಟೆಯ ಮೇಲೆ ಹೆಂಗಸರು ಕುಳಿತಿದ್ದರು. ಒಳಗೆ ಆಕೆಯನ್ನು ಮಲಗಿಸಿದ್ದ ಜಾಗದಲ್ಲಿ ಒಂದು ದೀಪ ಉರಿಯುತ್ತಿತ್ತು. ಗೋಡೆಗೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಒರಗಿಸಿದ್ದರು. ಯಾರೋ ಗದರಿಸಿ ನಿಲ್ಲಿಸಿದಂಥ ಮುಖ. ಅದು ಆಕೆಯಲ್ಲ ಅನ್ನಿಸಿತು. ಬೇರೆ ಫೋಟೋ ಇಲ್ಲ ಎಂದರು. ಚೀಟಿಯ ಮೇಲಿನ ಫೋಟೋ ನನಗೆ ಅಲ್ಲಿ ನೆನಪೇ ಬರಲಿಲ್ಲ.

ನೆಗೆಣ್ಣಿ ಬಂದು ನನ್ನ ಪಕ್ಕ ಕುಳಿತಳು. ಅಷ್ಟು ವರ್ಷ ಕೇಳಿದ್ದ ಹೆಂಗಸು ಇವಳೇ. ತೆಳ್ಳಗಿದ್ದಳು, ಅತ್ತು ಕಣ್ಣು ಬಾತಿದ್ದವು.

“ನೀವ ಏನ್ರಿ ಆ ಅಕ್ಕಾರು?” ಎಂದಳು. “ಭಾಳ ಹೇಳ್ತಿದ್ಲ್ರಿ ನಿಮ್ಮ ಹೆಸರು. ನಾ ಆಕಿಗೆ ಒಲಿ ನೋಡಿ ಬಂದಾಕಿ, ಒಲಿ ನೋಡಿ ಬಂದಾಕಿ ಅಂತ ಭಾಳ ಕಾಡ್ಸೇನ್ರಿ. ಆ ದೊಡ್ಡ ಗುಡೀ ಊರಿಂದ ಬಂದಾಗೂ ಕೇಳ್ದೆ, ಈ ಸಲನರ ಒಳಗ ಹೊಕ್ಕಿದ್ದೇನ ಅಂತ. ಹೊಕ್ಕೇನಿ ಅಂದಿದ್ರ ಯಾರು ಹೋಗಿ ನೋಡ್ತಿದ್ರಿ? ಆದ್ರ ಆಕಿ ಸುಳ್ಳ ಹೇಳಾಕಿ ಅಲ್ಲ. ‘ನಾ ಹೊಕ್ಕಿಲ್ಲವಾ, ನಮ್ಮ ಅಕ್ಕಾರು ಹೊಕ್ಕು ನೋಡ್ಯಾರ, ಒಳಗ ದೀಪ ಐತಂತ, ಛಲೋ ಉರೀತೈತಂತ’ ಅಂದ್ಲು. ಅವತ್ತಿಂದ ನಾ ಒಲೀ ಮಾತು ಬಿಟ್ಟೆ. ದಿನಾ ಸಂಜೀಕ ಇಲ್ಲಿ ದೀಪ ಹಚ್ಚುವಾಗ ಪಡವಣಕ್ಕ ತಿರುಗಿ ಒಮ್ಮೆ ಕೈ ಮುಗೀತಿದ್ಲ್ರಿ, ಊರಿಗೆ ಬಂದಾಗೆಲ್ಲ. ಯಾಕವಾ ಅಂದ್ರ, ಆ ಗುಡೀ ಬಾಗ್ಲಾ ಪಡವಣಕ್ಕ ಐತಿ, ಅಲ್ಲೂ ಹಚ್ಚಿರ್ತಾರ ಈಗ, ಅಂತಿದ್ಲು.”

ನನ್ನ ಮುಖ ನೋಡಿ ಕೇಳಿದಳು. “ಖರೇನ ಐತಲ್ರಿ ಅಕ್ಕಾರ, ಅಲ್ಲಿ ದೀಪ?”

“ಐತಿ” ಎಂದೆ.

ಮೊನ್ನೆ ಸೂಟ್‌ಕೇಸಿನ ಮುಂದೆ ಕುಳಿತು, ಮೊಬೈಲಿನಲ್ಲಿ ಉಳಿದಿದ್ದ ಆ ದಿನದ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಒಂದೊಂದನ್ನೂ ಹಿಗ್ಗಿಸಿ, ಮೂಲೆ ಮೂಲೆ ಹುಡುಕಿದೆ. ಎಲ್ಲದರಲ್ಲೂ ನಾನೇ ನಿಂತಿದ್ದೇನೆ. ಕಂಬದ ಮುಂದೆ, ಮೆಟ್ಟಿಲ ಮುಂದೆ, ಬುದ್ಧನ ಮುಂದೆ. ನನ್ನ ಹಿಂದೆ ಏನಿದೆಯೋ ಅದು ನನಗೇ ಮರೆಯಾಗಿದೆ. ದೀಪ ಎಲ್ಲಿಯೂ ಕಾಣಲಿಲ್ಲ.

ಚೀಟಿಯನ್ನು ಬೇವೂರಿಗೆ ಕೊಟ್ಟು ಬರಬೇಕು ಎಂದು ಒಂದು ಸಲ ಅನ್ನಿಸಿತು. ಅಲ್ಲಿ ಆಕೆಯ ನಗುವ ಮುಖ ಇಲ್ಲ. ಆದರೆ ತನ್ನದೇ ಚೀಟಿ ಇದ್ದೂ ಆಕೆ ಯಾಕೆ ಹೊರಗೆ ಉಳಿದಳು ಎಂದು ಆ ನೆಗೆಣ್ಣಿ ಕೇಳದೆ ಇರುವವಳಲ್ಲ. ಮೂರನೆಯ ಸಲ ನನ್ನ ಬಾಯಿಂದ ಏನು ಬರುತ್ತದೋ ನನಗೆ ಗೊತ್ತಿಲ್ಲ. ದೇವರ ಕೋಣೆಯಲ್ಲಿ ಇಡೋಣವೆಂದು ಎದ್ದೆ. ಉರಿಯುವ ದೀಪದ ಮುಂದೆ ಆ ಮುಖ ಇಡಲು ಕೈ ಬರಲಿಲ್ಲ.

ಸೂಟ್‌ಕೇಸನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿ, ಬಿಸಿಲಿಗಿಟ್ಟು, ಪಕ್ಕದ ಮನೆಗೆ ಕೊಟ್ಟೆ. ಹಿಂಡಿಯ ವಾಸನೆ ಪೂರ್ತಿ ಹೋಗಿಲ್ಲ, ಬೇಜಾರಾಗಬೇಡಿ ಎಂದೆ. ಪರವಾಗಿಲ್ಲ ಬಿಡ್ರಿ ಎಂದರು. ಈಗ ಬೆಳಗಿನ ಜಾವ ಹಿಂದಿನ ಓಣಿಯಿಂದ ಯಾವ ಸಪ್ಪಳವೂ ಬರುವುದಿಲ್ಲ. ಎಚ್ಚರವಾದ ಮೇಲೂ ಎಷ್ಟೋ ಹೊತ್ತು ಹಾಗೆಯೇ ಮಲಗಿರುತ್ತೇನೆ. ಚೀಟಿ ನನ್ನ ದಿಂಬಿನ ಕೆಳಗೆ ಇದೆ. ಅದರ ಮೇಲೆ ಒಂದೇ ದಿನದ ತಾರೀಖಿದೆ. ಆ ದಿನ ಆಕೆ ಹೊತ್ತು ಮುಳುಗುವ ತನಕ ಹೊರಗೆ ಕುಳಿತಿದ್ದಳು, ಚೀಟಿ ನನ್ನ ಪರ್ಸಿನಲ್ಲಿತ್ತು.